ಭಯದ ಅಂಕವೂ ಬದುಕಿನ ಲೆಕ್ಕವೂ

ಆತಂಕದ ಕಾಯಿಲೆಯುಳ್ಳವರಿಗೆ ಚಿಕಿತ್ಸೆ ಫಲಿಸಿತೇ ಎಂಬುದನ್ನು ಭಯದ ಅಂಕವೊಂದರಿಂದಲೇ ತೀರ್ಮಾನಿಸುವ ಪದ್ಧತಿಯನ್ನು ನಾನು ಒಪ್ಪಲಾರೆ. 2006ರಲ್ಲಿ ಪ್ರಕಟವಾದ ‘ಜಿಎಡಿ-7’ ಪ್ರಶ್ನಾವಳಿಯಲ್ಲಿ ಏಳು ಪ್ರಶ್ನೆಗಳು. ಗರಿಷ್ಠ ಅಂಕ 21. ಕಳೆದ ಎರಡು ವಾರಗಳ ತಳಮಳವನ್ನು ಅದು ಎಣಿಸುತ್ತದೆ. ಎಣಿಸಲಿ, ಅದರ ಕೆಲಸವೇ ಅದು. ಆದರೆ ಬಸ್ಸು ಹತ್ತಲು ಅಂಜಿ ಮನೆಯಲ್ಲೇ ಉಳಿದವನಿಗೆ ಅಂಜುವ ಪ್ರಸಂಗವೇ ಒದಗದೆ ಅಂಕ ಇಳಿದೀತು. ವ್ಯಾಪಾರವನ್ನೇ ನಿಲ್ಲಿಸಿ ‘ಈ ವರ್ಷ ನಷ್ಟವಿಲ್ಲ’ ಎಂದು ಬರೆಯುವ ಗುಮಾಸ್ತನನ್ನು ಯಾರು ಮೆಚ್ಚುತ್ತಾರೆ? ಭಯವನ್ನು ಹಂತಹಂತವಾಗಿ ಎದುರಿಸುವ ಚಿಕಿತ್ಸೆಯಲ್ಲಾದರೋ ಮೊದಲು ತಳಮಳ ಏರುವುದೂ ಉಂಟು. ಆಗ ಅಂಕಕ್ಕೆ ಬೆದರಿ ಚಿಕಿತ್ಸೆ ಬಿಟ್ಟರೆ ಕೆಟ್ಟದ್ದು ರೋಗಿಯ ಬದುಕೇ.

ವಿಶ್ವ ಆರೋಗ್ಯ ಸಂಸ್ಥೆಯ ಜೀವನ ಗುಣಮಟ್ಟದ ಸಂಕ್ಷಿಪ್ತ ಪ್ರಶ್ನಾವಳಿ ಇದಕ್ಕಿಂತ ವಿಶಾಲವಾದುದು. 26 ಪ್ರಶ್ನೆಗಳಿಂದ ದೇಹ, ಮನಸ್ಸು, ಸಾಮಾಜಿಕ ಸಂಬಂಧ, ಪರಿಸರಗಳನ್ನು ಬೇರೆಬೇರೆಯಾಗಿ ಅಳೆಯುತ್ತದೆ. ಆದರೂ ಕೊನೆಯ ಪ್ರಶ್ನೆ ಹತಾಶೆ, ಆತಂಕಗಳನ್ನೇ ಕೇಳುತ್ತದೆ; ಒಂದೇ ರಕಮು ಎರಡು ಖಾತೆಗೆ ಬಿದ್ದಂತೆ. ಅದಕ್ಕೂ ದೊಡ್ಡ ತೊಡಕು ‘ತೃಪ್ತಿ’ ಎಂಬ ಮಾತಿನದು. ಹತ್ತು ವರ್ಷಗಳಿಂದ ನೆಂಟರ ಮದುವೆಗಳಿಗೇ ಹೋಗದ ಗೃಹಿಣಿ ‘ನನಗೇನೂ ಕೊರತೆಯಿಲ್ಲ’ ಎಂದರೆ ಅದು ತೃಪ್ತಿಯೋ, ಆಸೆಯನ್ನೇ ಅಳಿಸಿಕೊಂಡ ಫಲವೋ? (ಇಂಥವರನ್ನು ವಿರಕ್ತರೆಂದು ಹೊಗಳುವವರೂ ನಮ್ಮಲ್ಲಿದ್ದಾರೆ. ಭಯದಿಂದ ಬಿಟ್ಟದ್ದು ತ್ಯಾಗವೆನಿಸದು.)

ಅಂಕಗಳೇ ಬೇಡವೆನ್ನುವ ಪಕ್ಷ ನನ್ನದಲ್ಲ. ಲೆಕ್ಕ ಬರೆದೇ ಬದುಕಿದವನು ನಾನು. ವೈದ್ಯರು ಅಂಕದ ಪಕ್ಕದಲ್ಲಿ ಇನ್ನೊಂದು ಪ್ರಶ್ನೆಯನ್ನೂ ಬರೆದುಕೊಳ್ಳಲಿ: ಭಯವಿಲ್ಲದಿದ್ದರೆ ಈ ವಾರ ಎಲ್ಲಿಗೆ ಹೋಗುತ್ತಿದ್ದಿರಿ, ಯಾರನ್ನು ಕಾಣುತ್ತಿದ್ದಿರಿ? ಆರು ತಿಂಗಳ ನಂತರ ಆ ಉತ್ತರವನ್ನು ತೆಗೆದು, ಹೋದಿರಾ ಎಂದು ಕೇಳಲಿ.