ನಾಯಿಯ ಚಿಗಟ, ಧರೆಯ ಜೇಡ
ಧರೆಯ ಬಿಲಗಳ ಬಾಯಿಗೆ ರೇಷ್ಮೆಯಂಥ ನೂಲು ಕಟ್ಟಿರುವುದನ್ನು ಮಲೆನಾಡಿನವರು ಕಂಡೇ ಇರುತ್ತಾರೆ. ಹಲವೆಡೆ ಅದು ಥ್ರಿಗ್ಮೋಪಿಯಸ್ ಕುಲದ ಟಾರಂಟುಲಾದ ಮನೆ; ಭಾರತದ ಹೊರಗೆ ಈ ಕುಲವಿಲ್ಲ.

ಮಳೆಗಾಲದಲ್ಲಿ ನಾಯಿಗೆ ಚಿಗಟ ಹತ್ತಿತೆಂದರೆ, ತೋಟಕ್ಕೆ ತಂದಿಟ್ಟ ಕೀಟನಾಶಕವನ್ನೇ ನಾಯಿಗೂ ಜಗಲಿಗೂ ಹಿತ್ತಿಲ ಧರೆಗೂ ಸಿಂಪಡಿಸುವವರಿದ್ದಾರೆ. ಪರ್ಮೆಥ್ರಿನ್, ಫಿಪ್ರೊನಿಲ್‌ನಂತಹ ವಿಷಗಳಿಗೆ ಚಿಗಟ ಯಾವುದು, ಜೇಡ ಯಾವುದು ಎಂಬ ಭೇದವಿಲ್ಲ. (ಪರ್ಮೆಥ್ರಿನ್ ಬೆಕ್ಕಿಗೂ ಮಾರಕ.) ಟಾರಂಟುಲಾವನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕುವ ಹವ್ಯಾಸಿಗಳು, ಔಷಧ ಹಚ್ಚಿದ ನಾಯಿಯನ್ನು ಮುಟ್ಟಿದ ಕೈಯನ್ನು ತೊಳೆಯದೆ ಪೆಟ್ಟಿಗೆಗೆ ಹಾಕದಂತೆ ಎಚ್ಚರ ವಹಿಸುತ್ತಾರೆ. ಹಣ ಕೊಟ್ಟು ತಂದ ಜೇಡಕ್ಕೆ ಸಲ್ಲುವ ಈ ಎಚ್ಚರ ನಮ್ಮ ಧರೆಯ ಜೇಡಕ್ಕೆ ಏಕೆ ಸಲ್ಲಬಾರದು?

ಅಷ್ಟು ವಿಷ ಸುರಿದರೂ ಚಿಗಟ ಅಳಿಯುವುದಿಲ್ಲ. ಅದರ ಮೊಟ್ಟೆ, ಮರಿಹುಳು, ಕೋಶಗಳು ಹೆಚ್ಚಾಗಿ ಇರುವುದು ನಾಯಿಯ ಮೈಮೇಲಲ್ಲ, ಅದು ಮಲಗುವ ಗೋಣಿಯಲ್ಲಿ, ನೆಲದ ಬಿರುಕಿನಲ್ಲಿ. ಕೋಶದೊಳಗಿನ ಚಿಗಟಕ್ಕೆ ಸಿಂಪಡಣೆ ತಾಗುವುದೇ ಕಷ್ಟ. ಗೋಣಿಯನ್ನು ಕುದಿನೀರಿನಲ್ಲಿ ಅದ್ದಿ ಒಣಗಿಸಿರಿ. ಕೆಲವು ವಾರ ದಿನವೂ ನೆಲ ಗುಡಿಸಿರಿ. ಸೀರಣಿಗೆಯಿಂದ ಬಾಚಿ, ಸಿಕ್ಕ ಚಿಗಟವನ್ನು ಸಾಬೂನು ನೀರಿಗೆ ಹಾಕಿರಿ. ಔಷಧ ಬೇಕೇಬೇಕೆಂದಾದರೆ ಪಶುವೈದ್ಯರನ್ನು ಕೇಳಿ ನುಂಗಿಸುವ ಮಾತ್ರೆ ಕೊಡಿಸಿರಿ. ದುಬಾರಿಯೆಂಬುದು ನಿಜ, ಆದರೆ ಅದು ಧರೆಯ ಮೇಲೆ ಸಿಡಿಯುವುದಿಲ್ಲ.