ಹೊಲಿಗೆ ಮಿಷನ್ನಿನ ಬೆಲೆ ಎಷ್ಟು?

ಗಂಡು ಹೆಣ್ಣು ಕೂಡಿ ಬಾಳಲಾರದೆ ಬೇರೆಯಾಗುವುದು ಹೊಸ ಸಂಗತಿಯಲ್ಲ. ಬೇರೆಯಾದ ಮೇಲೆ ಒಬ್ಬರು ಇನ್ನೊಬ್ಬರ ಸಾಮಾನು ಒಡೆದು, ಬಟ್ಟೆಬರೆ ಸುಟ್ಟು ಸೇಡು ತೀರಿಸಿಕೊಳ್ಳುವುದೂ ಹೊಸದಲ್ಲ. ಇದನ್ನು ‘ಅವರ ಮನೆಯ ಜಗಳ’ ಎಂದು ಹೇಳಿ ಬಾಗಿಲು ಹಾಕಿಕೊಳ್ಳುವ ರೂಢಿ ನಮ್ಮ ಊರುಗಳಲ್ಲಿದೆ. ಈ ರೂಢಿಯನ್ನು ನಾವು ಖಂಡಿಸುತ್ತೇವೆ. ಮನಸ್ಸು ಮುರಿದದ್ದು ಅವರಿಬ್ಬರ ವಿಷಯವಿರಬಹುದು. ದುಡಿಮೆಯ ಸಾಧನ ಮುರಿದದ್ದು ದುಡಿಯುವವರೆಲ್ಲರ ವಿಷಯ.

ಆಯನೂರಿನ ಬಾಡಿಗೆ ಕೋಣೆಯೊಂದರಲ್ಲಿ ರವಿಕೆ ಹೊಲಿದು ಬದುಕುವ ಹೆಣ್ಣುಮಗಳೊಬ್ಬಳನ್ನು ಎಣಿಸಿಕೊಳ್ಳಿ. ಸಂಘದ ಸಾಲದಿಂದ 12,000 ರೂಪಾಯಿಯ ಮಿಷನ್ ಕೊಂಡಿದ್ದಾಳೆ. ಬಿಟ್ಟುಹೋದ ಗಂಡ ಒಂದು ರಾತ್ರಿ ಬಂದು ಅದನ್ನು ಕಲ್ಲಿನಿಂದ ಜಜ್ಜಿದರೆ ಅವಳಿಗಾದ ನಷ್ಟ 12,000 ಮಾತ್ರವೇ? ಗಿರಾಕಿಗಳ ಬಟ್ಟೆ, ಹಬ್ಬದ ದುಡಿಮೆ, ವಾರದ ಕಂತು, ಮಕ್ಕಳ ಊಟ, ಎಲ್ಲವೂ ಆ ಕಲ್ಲಿನ ಕೆಳಗೆ ಬಿದ್ದವು.

ಕಾಯಿದೆ ಇದನ್ನು ಹೇಗೆ ಅಳೆಯುತ್ತದೆ ನೋಡೋಣ. 1860ರ ಭಾರತ ದಂಡ ಸಂಹಿತೆಯ 427ನೆಯ ಕಲಮಿನಂತೆ 50 ರೂಪಾಯಿಯ ಮೇಲೆ ನಷ್ಟ ಮಾಡಿದವನಿಗೆ ಎರಡು ವರ್ಷದವರೆಗೆ ಸಜೆ ಕೊಡಬಹುದಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 324ನೆಯ ಕಲಮಿನಲ್ಲಿ ಎರಡು ವರ್ಷದ ಸಜೆಗೆ ನಷ್ಟ 20,000 ರೂಪಾಯಿ ಮುಟ್ಟಬೇಕು. ಒಂದು ಲಕ್ಷ ಮುಟ್ಟಿದರೆ ಐದು ವರ್ಷದವರೆಗೆ. 20,000ಕ್ಕಿಂತ ಕಡಿಮೆಯಾದ ಬಡವರ ನಷ್ಟಕ್ಕೆ ಇನ್ನೂ ಕಡಿಮೆ ಸಜೆ, ಇಲ್ಲವೇ ಬರಿಯ ದಂಡ. ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೋಲೀಸರು ಅದರ ತನಿಖೆಗೆ ಇಳಿಯುವಂತೆಯೂ ಇಲ್ಲ.

1860ರ ಐವತ್ತು ರೂಪಾಯಿ ಸಣ್ಣ ಹಣವಲ್ಲ, ಮಿತಿಯನ್ನು ಏರಿಸಬೇಕಾಗಿತ್ತು ಎಂದು ವಕೀಲರು ಹೇಳಬಹುದು. ಒಪ್ಪೋಣ. ಆದರೆ ಅಂದೂ ಇಂದೂ ಕಾಯಿದೆ ಅಳೆಯುವುದು ರೂಪಾಯಿಯನ್ನು, ಹೊಟ್ಟೆಯನ್ನಲ್ಲ. ಸಾಹುಕಾರನ ಕಾರಿನ ಗಾಜು ಬಡವಳ ಮಿಷನ್ನಿಗಿಂತ ತೂಕವಾಗುತ್ತದೆ. 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದದ್ದು ಕೊಳಗದ ಅಳತೆಯ ಅನ್ಯಾಯದ ವಿರುದ್ಧ. ಇದೂ ಅಳತೆಯ ಅನ್ಯಾಯವೇ.

‘ನಾನು ತಂದ ಸಾಮಾನು, ನಾನು ಒಡೆದೆ’ ಎಂಬ ಮಾತು ನ್ಯಾಯಾಲಯದಲ್ಲಿ ನಡೆಯದು. ಇಬ್ಬರಿಗೂ ಸೇರಿದ ವಸ್ತುವನ್ನು, ತನ್ನದೇ ವಸ್ತುವನ್ನು ಸಹ, ಇನ್ನೊಬ್ಬರಿಗೆ ನಷ್ಟ ಮಾಡುವ ಉದ್ದೇಶದಿಂದ ಹಾಳುಮಾಡಿದರೆ ಅಪರಾಧವೇ. ಒಡೆದವಳು ಹೆಂಗಸಾದರೂ ಇದೇ ಕಲಮು. ಮನೆಯನ್ನು ನಾಶಮಾಡಲೆಂದು ಬೆಂಕಿ ಇಟ್ಟವರಿಗೆ ಜೀವಾವಧಿಯವರೆಗೂ ಶಿಕ್ಷೆಯಿದೆ.

ಹೆಂಗಸರಿಗೆ ಇನ್ನೊಂದು ದಾರಿಯಿದೆ. 2005ರ ಕೌಟುಂಬಿಕ ಹಿಂಸೆ ಕಾಯಿದೆಯ 20ನೆಯ ಕಲಮಿನಂತೆ, ಒಡೆದ, ಕೆಡಿಸಿದ, ಹೊತ್ತೊಯ್ದ ಸಾಮಾನಿನ ನಷ್ಟವನ್ನು ಕಟ್ಟಿಕೊಡುವಂತೆ ಮ್ಯಾಜಿಸ್ಟ್ರೇಟರು ಆಜ್ಞೆ ಮಾಡಬಹುದು. ಕೂಡಿದ್ದಾಗ ನಡೆದ ಹಿಂಸೆಗೆ ವಿಚ್ಛೇದನದ ನಂತರವೂ ಪರಿಹಾರ ಕೇಳಬಹುದೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿದೆ. ತಾಳಿಯಿಲ್ಲದೆ ಗಂಡಹೆಂಡಿರಂತೆ ಬಾಳಿದವರಿಗೂ ಈ ಕಾಯಿದೆ ಅನ್ವಯಿಸುತ್ತದೆ. ಆದರೆ 2013ರಲ್ಲಿ ಬೆಂಗಳೂರಿನ ಮೊಕದ್ದಮೆಯೊಂದರಲ್ಲಿ, ಆತ ವಿವಾಹಿತನೆಂದು ತಿಳಿದೂ ವರ್ಷಗಟ್ಟಲೆ ಜೊತೆಗಿದ್ದ ಹೆಂಗಸಿಗೆ ಅದೇ ನ್ಯಾಯಾಲಯ ಈ ರಕ್ಷಣೆ ಕೊಡಲಿಲ್ಲ. ಇಂಥವರ ಗತಿಯೇನೆಂದು ಪಾರ್ಲಿಮೆಂಟು ಯೋಚಿಸಬೇಕೆಂದು ಹೇಳಿತು. ಕೂಡಿ ಬಾಳದ ಪ್ರೇಮಿಗಳಿಗಂತೂ ಈ ಕಾಯಿದೆಯಲ್ಲಿ ಜಾಗವೇ ಇಲ್ಲ.

ಕಾಯಿದೆ ಪುಸ್ತಕದಲ್ಲಿದೆ, ಕೋರ್ಟು ಶಿವಮೊಗ್ಗದಲ್ಲಿದೆ. ಒಂದು ದಿನ ಅಲೆದರೆ ಒಂದು ದಿನದ ಕೂಲಿ ಹೋಯಿತು. ರಕ್ಷಣಾಧಿಕಾರಿಯ ಕೆಲಸವನ್ನು ಅಂಗನವಾಡಿಗಳ ಹೊರೆ ಹೊತ್ತ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ತಲೆಗೇ ಕಟ್ಟಿದ್ದಾರೆ.

ಆದುದರಿಂದ ಸರ್ಕಾರವನ್ನು ಎರಡು ಕೇಳುತ್ತೇವೆ. ಹೊಲಿಗೆ ಮಿಷನ್, ತಳ್ಳುಗಾಡಿ, ಆಟೋರಿಕ್ಷಾ ಮುಂತಾದ ಜೀವನೋಪಾಯದ ಸಾಧನ ಹಾಳುಮಾಡಿದವರಿಗೆ, ಬೆಲೆ ಎಷ್ಟೇ ಇರಲಿ, ದೊಡ್ಡ ನಷ್ಟದ ಶಿಕ್ಷೆಯೇ ಆಗಬೇಕು. ಪ್ರತಿ ತಾಲ್ಲೂಕಿಗೆ ಬೇರೆ ಕೆಲಸವಿಲ್ಲದ ರಕ್ಷಣಾಧಿಕಾರಿ ಬೇಕು.

ಇನ್ನು ನಮ್ಮ ಕೆಲಸ. ಭದ್ರಾವತಿಯ ಕಾರ್ಮಿಕ ಬಂಧುಗಳೇ, ಮಾಚೇನಹಳ್ಳಿಯ ಗಾರ್ಮೆಂಟ್ಸಿಗೆ ಹೋಗುವ ಸೋದರಿಯರೇ, ಆಯನೂರಿನ ಅಂಗಡಿಕಾರರೇ, ಪಕ್ಕದ ಮನೆಯಲ್ಲಿ ಸಾಮಾನು ಒಡೆಯುವ ಸದ್ದು ಕೇಳಿದಾಗ ಬಾಗಿಲು ತೆರೆಯಿರಿ, ಕಂಡದ್ದನ್ನು ಠಾಣೆಯಲ್ಲಿ ಹೇಳಿರಿ. ವ್ಯಾಪಾರಿಗಳು ಮಾರಿದ ಸಾಮಾನಿಗೆ ರಸೀತಿ ಕೊಡಲಿ. ನಾಳೆ ಅದೇ ಸಾಕ್ಷಿ. ಹೆಂಗಸರಿಗೆ ವಕೀಲರ ಫೀಜಿಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ನೆರವುಂಟು. 1987ರ ಕಾಯಿದೆ ಕೊಟ್ಟ ಹಕ್ಕು ಅದು. ಯೂನಿಯನ್ನುಗಳು ಒಂದು ಸಣ್ಣ ನಿಧಿ ಕೂಡಿಸಿ, ತೀರ್ಪು ಬರುವವರೆಗೆ ಇನ್ನೊಂದು ಮಿಷನ್ ಕೊಡಿಸಲಿ.

ಲೋಹಿಯಾ ಅವರು ಸಪ್ತಕ್ರಾಂತಿಯಲ್ಲಿ ಗಂಡು ಹೆಣ್ಣಿನ ಸಮಾನತೆಯನ್ನೇ ಮೊದಲು ಎಣಿಸಿದರು. ಬಿಟ್ಟುಹೋಗುವ ಹಕ್ಕು ಇಬ್ಬರಿಗೂ ಉಂಟು. ಅನ್ನ ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇಲ್ಲ.