ತಾಲ್ಲೂಕು ವರದಿಗಾರರ ಕೊರಳಿಗೆ ಮಾನನಷ್ಟದ ಕುಣಿಕೆ

ಆಲಮಟ್ಟಿ ಜಲಾಶಯದ ಮಟ್ಟ 519.60 ಮೀಟರಿನಿಂದ 524.256 ಮೀಟರಿಗೆ ಏರಿದರೆ ಮುಳುಗುವ ಜಮೀನು 75 ಸಾವಿರ ಎಕರೆಗೂ ಹೆಚ್ಚು. 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ಇದಕ್ಕೆ ದರ ಕಟ್ಟಿತು: ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣಭೂಮಿಗೆ 30 ಲಕ್ಷ. ಮಳೆಯನ್ನೇ ನಂಬಿದ ಹೊಲದ ಉತಾರದಲ್ಲಿ ಇಲ್ಲದ ಕೊಳವೆಬಾವಿಯೊಂದು ರಾತ್ರೋರಾತ್ರಿ ಹುಟ್ಟಿಕೊಂಡರೆ ಎಕರೆಗೆ 10 ಲಕ್ಷ ಹೆಚ್ಚುತ್ತದೆ. ಬೆಂಗಳೂರಿನ ಸ್ಟುಡಿಯೊದಲ್ಲಿ ಕುಳಿತವರಿಗೆ ಅದು ಕಾಣುವುದಿಲ್ಲ. ಆ ಹೊಲದ ಬದುವಿನ ಮೇಲೆ ಓಡಾಡಿದ, ತಲಾಠಿಯನ್ನೂ ಏಜೆಂಟನನ್ನೂ ಮುಖ ನೋಡಿ ಬಲ್ಲ ತಾಲ್ಲೂಕು ವರದಿಗಾರರಿಗೆ ಕಾಣುತ್ತದೆ.

ಆದರೆ ಅವರು ಬರೆಯುವ ಹಾಗಿದೆಯೇ?

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ ತಾಲ್ಲೂಕಿನ ಊರುಗಳಿಗೆ ನುಗ್ಗಿತು, ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲೂ ನೀರು ನಿಂತಿತು. ಬಿದ್ದ ಮನೆ ‘ಎ’ ವರ್ಗವಾದರೆ ಆಗ ಪರಿಹಾರ 5 ಲಕ್ಷ ರೂಪಾಯಿ ಇತ್ತು, ‘ಸಿ’ ಆದರೆ 50 ಸಾವಿರ. ಗೋಡೆ ಎಷ್ಟು ಕುಸಿದಿದೆ ಎಂದು ನೋಡಿ ಅಧಿಕಾರಿ ಬರೆಯುವ ಒಂದೇ ಅಕ್ಷರದಲ್ಲಿ ನಾಲ್ಕೂವರೆ ಲಕ್ಷದ ಅಂತರ. ಇಂಥ ಕಡೆ ಬೇಕಾದದ್ದು ಪಟ್ಟಿ ಹಿಡಿದುಕೊಂಡು ಮನೆಮನೆ ತಿರುಗುವ ಪತ್ರಿಕೋದ್ಯಮ. ಇಳಕಲ್ಲಿನ ಗ್ರಾನೈಟ್ ಕ್ವಾರಿಯಲ್ಲೂ ಅಷ್ಟೆ: ಪರ್ಮಿಟ್ಟಿನಲ್ಲಿ ಬರೆದ ಕಲ್ಲು ಎಷ್ಟು, ಲಾರಿಯಲ್ಲಿ ಹೋದದ್ದೆಷ್ಟು ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವವರು ಬೇಕು.

ಈ ಕೆಲಸಕ್ಕೆ ಮೊದಲ ಅಡ್ಡಗಾಲು ಕ್ರಿಮಿನಲ್ ಮಾನನಷ್ಟ ಕಾನೂನು. ದಂಡಸಂಹಿತೆಯ 499, 500ನೇ ಕಲಮುಗಳು ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಾಗಿವೆ. ಎರಡು ವರ್ಷದವರೆಗಿನ ಜೈಲು ಹಾಗೇ ಉಳಿದಿದೆ. ಬರೆದದ್ದು ನಿಜ ಎಂದು ಸಾಬೀತು ಮಾಡಿದರೂ ಇಲ್ಲಿ ಬಿಡುಗಡೆಯಿಲ್ಲ, ಅದು ಸಾರ್ವಜನಿಕ ಹಿತಕ್ಕಾಗಿ ಬರೆದದ್ದು ಎಂದೂ ತೋರಿಸಬೇಕು. ಸಿವಿಲ್ ದಾವೆಯಲ್ಲಿ ನಿಜವೊಂದೇ ಸಾಕು. ಜೈಲಿಗೆ ಕಳಿಸುವ ಕಾನೂನು ಹಣ ಕಟ್ಟಿಸುವ ಕಾನೂನಿಗಿಂತ ಬಿಗಿಯಾಗಿರುವುದು ಯಾವ ನ್ಯಾಯ?

ಗೌರಿ ಲಂಕೇಶ್ ಪ್ರಕರಣವನ್ನೇ ನೋಡಿ. ಬಿಜೆಪಿ ಮುಖಂಡರ ಕುರಿತ ಅವರ ಪತ್ರಿಕೆಯ ವರದಿ ಪ್ರಕಟವಾದದ್ದು 2008ರ ಜನವರಿಯಲ್ಲಿ. ಸಂಸದ ಪ್ರಹ್ಲಾದ ಜೋಶಿ ಮತ್ತು ಪಕ್ಷದ ಇನ್ನೊಬ್ಬ ಮುಖಂಡರು ಹೂಡಿದ ಮೊಕದ್ದಮೆಗಳಲ್ಲಿ ಹುಬ್ಬಳ್ಳಿ ನ್ಯಾಯಾಲಯ ಗೌರಿ ಅವರಿಗೆ ಆರು ತಿಂಗಳ ಜೈಲು ಮತ್ತು ದಂಡ ವಿಧಿಸಿದ್ದು 2016ರ ನವೆಂಬರಿನಲ್ಲಿ. ಆರೋಪಕ್ಕೆ ಪುರಾವೆ ಒದಗಿಸಲಿಲ್ಲ ಎಂದು ನ್ಯಾಯಾಲಯ ಹೇಳಿತು. ಇರಲಿ, ಪುರಾವೆ ಸಾಲದ ವರದಿಗೆ ತಿದ್ದುಪಡಿ ಹಾಕಿಸಬಹುದು, ನಷ್ಟ ಕಟ್ಟಿಸಬಹುದು. ಎಂಟು ವರ್ಷಕ್ಕೂ ಮಿಕ್ಕಿ ಪ್ರಕರಣ ಎಳೆದು ಜೈಲು ತೋರಿಸಬೇಕಿರಲಿಲ್ಲ. ಸ್ವಂತ ಪತ್ರಿಕೆ, ನಾಡಿನುದ್ದಕ್ಕೂ ಹೆಸರು ಇದ್ದ ಸಂಪಾದಕಿಗೇ ಈ ಪಾಡು. ಅಲ್ಪ ಗೌರವಧನ ಮತ್ತು ಜಾಹೀರಾತು ಕಮಿಷನ್ನಿನಲ್ಲಿ ಮನೆ ನಡೆಸುವ ಹುನಗುಂದದ ಅರೆಕಾಲಿಕ ವರದಿಗಾರರು ತಿಂಗಳಿಗೊಂದು ಹಾಜರಿಗೆ ಬಸ್ಸು ಹತ್ತಿ ದೂರದ ಕೋರ್ಟಿಗೆ ಎಷ್ಟು ವರ್ಷ ಅಲೆದಾರು? ತೀರ್ಪು ಬರುವ ಎಷ್ಟೋ ಮೊದಲೇ ಅವರು ಬರೆಯುವುದನ್ನು ಬಿಟ್ಟಿರುತ್ತಾರೆ. ಮೊಕದ್ದಮೆ ಹೂಡುವವರಿಗೆ ಬೇಕಾದದ್ದೂ ಅದೇ.

ಶಾಸಕಾಂಗವೂ ಹಿಂದೆ ಬಿದ್ದಿಲ್ಲ. 2017ರ ಜೂನಿನಲ್ಲಿ ವಿಧಾನಸಭೆ ಹಕ್ಕುಚ್ಯುತಿಯ ಹೆಸರಿನಲ್ಲಿ ಸಂಪಾದಕರಾದ ರವಿ ಬೆಳಗೆರೆ ಮತ್ತು ಅನಿಲ್ ರಾಜ್ ಇಬ್ಬರಿಗೂ ಒಂದು ವರ್ಷದ ಜೈಲು ವಿಧಿಸಿತು. ದೂರಿತ್ತವರು ಶಾಸಕರೇ, ತೀರ್ಪಿತ್ತದ್ದೂ ಅದೇ ಸದನ.

ಪತ್ರಿಕೆಯ ಹೆಸರು ಹೇಳಿಕೊಂಡು ವಸೂಲಿಗಿಳಿದವರಿಗೆ ಕ್ರಿಮಿನಲ್ ಮಾನನಷ್ಟ ಕಾನೂನು ಬೇಕಲ್ಲವೇ ಎಂದು ಅಧಿಕಾರಿಗಳು ಕೇಳುತ್ತಾರೆ. ಅಂಥವರು ಇದ್ದಾರೆ, ನಿಜವಾದ ವರದಿಗಾರರ ಮರ್ಯಾದೆ ತೆಗೆದವರೂ ಅವರೇ. ಅವರಿಗೆ ನ್ಯಾಯ ಸಂಹಿತೆಯದೇ 308ನೇ ಕಲಮು, ಸುಲಿಗೆಯ ಕಲಮು, ಇದೆ. ಬೆದರಿಸಿ ಹಣ ಕೇಳಿದವರ ಮೇಲೆ ಅದನ್ನು ಹಾಕಲಿ.

ಶ್ರೀಲಂಕಾ 2002ರಲ್ಲಿ, ಇಂಗ್ಲೆಂಡ್ 2009ರಲ್ಲಿ ಕ್ರಿಮಿನಲ್ ಮಾನನಷ್ಟವನ್ನು ಕಿತ್ತುಹಾಕಿದವು. ನಮ್ಮ ಸುಪ್ರೀಂ ಕೋರ್ಟ್ 2016ರಲ್ಲಿ ಅದನ್ನು ಎತ್ತಿಹಿಡಿಯಿತಾದರೂ, ಇದನ್ನೆಲ್ಲ ಅಪರಾಧದ ಪಟ್ಟಿಯಿಂದ ತೆಗೆಯುವ ಕಾಲ ಬಂದಿದೆ ಎಂಬರ್ಥದ ಮಾತನ್ನು 2025ರ ಸೆಪ್ಟೆಂಬರಿನಲ್ಲಿ ಅದೇ ಕೋರ್ಟಿನ ನ್ಯಾಯಮೂರ್ತಿ ಎಂ.ಎಂ. ಸುಂದರೇಶ್ ಆಡಿದರು. ಅಪರಾಧ ಕಾನೂನು ಸಮವರ್ತಿ ಪಟ್ಟಿಯಲ್ಲಿದೆ. ರಾಷ್ಟ್ರಪತಿಯ ಅಂಕಿತ ಪಡೆದು ಕರ್ನಾಟಕವೇ ತನ್ನ ಮಟ್ಟಿಗೆ ಇದನ್ನು ತಿದ್ದಬಹುದು. ಬಾಗಲಕೋಟೆ ಜಿಲ್ಲೆಯ ಏಳು ಶಾಸಕರು ಮುಳುಗಡೆ ಪರಿಹಾರಕ್ಕಾಗಿ ಪಕ್ಷಭೇದ ಮರೆತು ಮಾತಾಡಬಲ್ಲರಾದರೆ, ಆ ಪರಿಹಾರವನ್ನು ಕಾಯುವ ವರದಿಗಾರರಿಗಾಗಿಯೂ ಸದನದಲ್ಲಿ ಎದ್ದು ನಿಲ್ಲಲಿ. ಪತ್ರಿಕೆಗಳ ಮಾಲೀಕರೂ ತಾಲ್ಲೂಕು ವರದಿಗಾರರಿಗೆ ಸಂಬಳ ಕೊಡಲಿ, ಕೇಸು ಬಿದ್ದ ದಿನ ವಕೀಲರ ಫೀಸು ತಾವೇ ಕಟ್ಟಲಿ. ಪರಿಹಾರದ ಪಟ್ಟಿ ಪಂಚಾಯಿತಿ ಗೋಡೆಗೆ ಅಂಟುವ ಮೊದಲೇ ಇದೆಲ್ಲ ಆಗಬೇಕು.